ತವರು ತಿಳಿಯದ ಅಜ್ಜಿ

ಅಜ್ಜನ ಹೆಸರೇನೆಂದು ಕೇಳಿದರೆ ಎಲ್ಲ ಮಕ್ಕಳೂ ಥಟ್ಟನೆ ಹೇಳುತ್ತಾರೆ. ಮುತ್ತಜ್ಜನ ಹೆಸರು ಕೇಳಿದರೆ ಅಪ್ಪನ ಮುಖ ನೋಡುತ್ತಾರೆ. ಮುತ್ತಜ್ಜಿಯ ತವರುಮನೆ ಯಾವುದೆಂದು ಕೇಳಿದಿರೋ, ಆಗ ಅಪ್ಪನೂ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಗಂಡಸರ ಹೆಸರು ಜಮೀನಿನ ಪತ್ರದಲ್ಲೋ ಕಂದಾಯದ ಪುಸ್ತಕದಲ್ಲೋ ಹೇಗೋ ಉಳಿದುಬಿಡುತ್ತದೆ. ಹೆಂಗಸರದು ಹಾಗಲ್ಲ. ಮದುವೆಯಾಗಿ ಹೊಸಿಲು ದಾಟಿದ ಮೇಲೆ ಇಂಥವನ ಹೆಂಡತಿ, ಇಂಥವರ ತಾಯಿ, ಅಷ್ಟೆ.

ಈ ವಾರದ ಕಥಾನಾಯಕಿ ಸುಮಾರು 400 ವರ್ಷಗಳ ಹಿಂದೆ ಹುಟ್ಟಿದ ಒಬ್ಬ ರೈತಾಪಿ ಹೆಂಗಸು. ಹೆಸರು ರಾದೆಗೋಂದ್ ಲಾಂಬೆರ್. ಆಕೆ ರಾಣಿಯಲ್ಲ, ಯುದ್ಧ ಮಾಡಿದವಳಲ್ಲ, ಒಂದು ಕಾಗದ ಬರೆದಿಟ್ಟು ಹೋದವಳೂ ಅಲ್ಲ. ಆದರೂ ಆಕೆ ಯಾರ ಮಗಳು, ಯಾವ ಜನಾಂಗದವಳು ಎಂಬ ಬಗ್ಗೆ ಕೆನಡಾ, ಅಮೆರಿಕ ದೇಶಗಳಲ್ಲಿ ಬಹಳ ಕಾಲ ವಾದವಿವಾದ ನಡೆದಿದೆ. ಕೊನೆಗೆ ಪ್ರಯೋಗಾಲಯದ ಕದ ತಟ್ಟಬೇಕಾಯಿತು. ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಈ ಹುಡುಕಾಟ ಒಂದು ಪತ್ತೇದಾರಿ ಕಥೆಯಂತೆ ರುಚಿಸೀತು ಎಂಬುದು ನನ್ನ ನಂಬಿಕೆ.

ಮೊದಲು ಊರಿನ ಪರಿಚಯ. ಕೆನಡಾದ ಪೂರ್ವ ತೀರದಲ್ಲಿ, ಇಂದು ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತಗಳಿರುವ ಕಡೆ, ಫ್ರಾನ್ಸಿನವರು 1604ರಲ್ಲಿ ಕಾಲಿಟ್ಟರು. ಮರುವರ್ಷ ಪೋರ್ಟ್ ರಾಯಲ್ ಎಂಬಲ್ಲಿ ಬೀಡುಬಿಟ್ಟರು. ಆ ಸೀಮೆಯ ಹೆಸರು ಅಕೇಡಿಯ. ಹೆಂಡತಿ ಮಕ್ಕಳೊಂದಿಗೆ ಜನ ಬಂದು ನೆಲೆನಿಂತದ್ದು 1630ರ ದಶಕದಿಂದೀಚೆಗೆ. ಅಲ್ಲಿರುವ ಫಂಡಿ ಕೊಲ್ಲಿಯ ಉಬ್ಬರವಿಳಿತ ಜಗತ್ತಿನಲ್ಲೇ ಅತ್ಯಂತ ಎತ್ತರದ್ದು. ಈ ರೈತರು ಕಾಡು ಕಡಿಯುವ ಬದಲು ಕಡಲಂಚಿನ ಜೌಗು ನೆಲಕ್ಕೆ ಮಣ್ಣಿನ ಏರಿ ಕಟ್ಟಿದರು. ಇಳಿತದ ಹೊತ್ತಿನಲ್ಲಿ ಒಳಗಿನ ನೀರು ಹೊರಹೋಗುವಂತೆ, ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗದಂತೆ ಏರಿಯ ಬುಡದಲ್ಲಿ ಮರದ ತೂಬು ಇಟ್ಟರು. ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಆ ನೆಲದ ಮೂಲನಿವಾಸಿಗಳು ಮಿಕ್‌ಮಾಕ್ ಎಂಬ ಜನ. ಹೊಸಬರಿಗೂ ಅವರಿಗೂ ಬಹುಮಟ್ಟಿಗೆ ಸ್ನೇಹವಿತ್ತು, ಅಲ್ಲೊಂದು ಇಲ್ಲೊಂದು ಮದುವೆಯೂ ನಡೆದಿತ್ತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1654ರಲ್ಲಿ ಇಂಗ್ಲಿಷರು ಅಕೇಡಿಯವನ್ನು ಹಿಡಿದುಕೊಂಡರು. ಅದು ಫ್ರಾನ್ಸಿನ ಕೈಗೆ ಮರಳಿದ್ದು 1670ರಲ್ಲಿ. ಹೊಸದಾಗಿ ಆಡಳಿತ ವಹಿಸಿಕೊಂಡವರಿಗೆ ಊರಲ್ಲಿ ಯಾರ್‍ಯಾರಿದ್ದಾರೆ, ಎಷ್ಟು ದನ, ಎಷ್ಟು ಜಮೀನು ಎಂದು ತಿಳಿಯಬೇಡವೇ? 1671ರಲ್ಲಿ ಲೋರಾಂ ಮೋಲಾಂ ಎಂಬ ಪಾದ್ರಿ ಮನೆಮನೆಗೆ ಹೋಗಿ ಜನಗಣತಿ ಮಾಡಿದ. ಒಟ್ಟು ಸಿಕ್ಕಿದ್ದು ಸುಮಾರು 400 ಜನ. ನಮ್ಮ ಒಂದು ಹಳ್ಳಿಯಷ್ಟು!

ಗಣತಿ ಎಂದರೆ ಜನಕ್ಕೆ ಅಂದಿಗೂ ಇಂದಿಗೂ ಒಂದೇ ಅನುಮಾನ, ತೆರಿಗೆ ಹಾಕಲು ಬಂದರೇನೋ ಎಂದು. ಒಬ್ಬ ಪೀಪಾಯಿ ಮಾಡುವವನು ತನಗೆ ಆರೋಗ್ಯ ಚೆನ್ನಾಗಿದೆ, ವಯಸ್ಸು ಮಾತ್ರ ಹೇಳುವುದಿಲ್ಲ ಎಂದು ಹೇಳಿ ಕಳಿಸಿದ. ಇನ್ನೊಬ್ಬ ರೈತ ಪಾದ್ರಿಯ ಮುಖವನ್ನೂ ನೋಡಲು ಒಲ್ಲದೆ ಮನೆ ಬಿಟ್ಟು ಹೋದ. ದನಕರುವಿನ ಲೆಕ್ಕ ಕೊಡುವುದಿಲ್ಲವೆಂದು ಹೇಳುವ ಕೆಲಸ ಹೆಂಡತಿಗೆ ಬಿತ್ತು. ದರ್ಜಿಯೊಬ್ಬನ ಹೆಂಡತಿಯಂತೂ, ಇಂಥದ್ದನ್ನೆಲ್ಲ ಕೇಳಿಕೊಂಡು ಬೀದಿ ಬೀದಿ ಅಲೆಯುತ್ತೀಯಲ್ಲ, ನಿನಗೇನು ಹುಚ್ಚೇ ಎಂದು ಪಾದ್ರಿಯನ್ನೇ ತರಾಟೆಗೆ ತೆಗೆದುಕೊಂಡಳು. ಪುಣ್ಯಾತ್ಮ ಸಿಟ್ಟಾಗದೆ ಇದನ್ನೆಲ್ಲ ಗಣತಿಯ ಪುಸ್ತಕದಲ್ಲೇ ಬರೆದಿಟ್ಟ. ಹೀಗೆ ಬರೆದಿಟ್ಟದ್ದರಿಂದಲೇ ಆ ಹೆಂಗಸಿನ ದನಿ ಮುನ್ನೂರೈವತ್ತು ವರ್ಷ ದಾಟಿ ನಮ್ಮ ಕಿವಿಗೆ ಬಿತ್ತು.

ಈ ಪುಸ್ತಕದಲ್ಲಿ ನಮ್ಮ ರಾದೆಗೋಂದ್ ಸಿಗುತ್ತಾಳೆ. ಝಾನ್ ಬ್ಲಾಂಶಾರ್, ರೈತ, ವಯಸ್ಸು 60. ಹೆಂಡತಿ ರಾದೆಗೋಂದ್ ಲಾಂಬೆರ್, ವಯಸ್ಸು 42. ಮಕ್ಕಳು ಆರು. ಆಮೇಲೆ ದನ, ಕುರಿ, ಜಮೀನಿನ ಲೆಕ್ಕ. ಇಲ್ಲಿ ಒಂದು ಅನುಕೂಲವನ್ನು ಗಮನಿಸಬೇಕು. ಫ್ರೆಂಚ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸನ್ನು ತಂದೆಯ ಮನೆಯ ಹೆಸರಿನಿಂದಲೇ ಬರೆಯುವ ಪದ್ಧತಿ ಇತ್ತು. ಇಲ್ಲದಿದ್ದರೆ ಲಾಂಬೆರ್ ಎಂಬ ಸುಳಿವೂ ನಮಗೆ ಸಿಗುತ್ತಿರಲಿಲ್ಲ. ಇಂಗ್ಲಿಷ್ ದಾಖಲೆಗಳಲ್ಲಿ ಪೂರ್ವಜರನ್ನು ಹುಡುಕುವವರು ಅಜ್ಜಿಯರ ವಿಷಯ ಬಂದಾಗ ಸುಸ್ತಾಗುವುದು ಈ ಕಾರಣಕ್ಕೇ.

ಈಗ 1686ಕ್ಕೆ ಬನ್ನಿ. ಮತ್ತೊಂದು ಜನಗಣತಿ. ಝಾನ್ ಬ್ಲಾಂಶಾರ್, 75. ಸರಿ, 15 ವರ್ಷದಲ್ಲಿ 15 ವರ್ಷ ಹೆಚ್ಚಿದೆ. ಹೆಂಡತಿ ರಾದೆಗೋಂದ್, 65! ಗಂಡನಿಗೆ 15 ವರ್ಷ ಆಗುವಷ್ಟರಲ್ಲಿ ಹೆಂಡತಿಗೆ 23 ವರ್ಷ ಆಗಿಬಿಟ್ಟಿದೆ. ಎರಡರಲ್ಲಿ ಒಂದು ತಪ್ಪು. ಯಾವುದು?

ವಿದ್ಯಾರ್ಥಿಗಳು ಮುಂದೆ ಓದುವ ಮೊದಲು ಸ್ವಲ್ಪ ಯೋಚಿಸಲಿ. ಉತ್ತರ 1671ರ ಪುಸ್ತಕದಲ್ಲೇ ಇದೆ. ಬ್ಲಾಂಶಾರ್ ದಂಪತಿಗಳ ಹಿರಿಯ ಮಗಳು ಮದಲೇನ್ ಆಗಲೇ ಮಿಶೆಲ್ ರಿಶಾರ್ ಎಂಬುವನನ್ನು ಮದುವೆಯಾಗಿ ಬೇರೆ ಮನೆ ಹೂಡಿದ್ದಳು. ಅವಳಿಗೆ 28 ವರ್ಷ. ತಾಯಿಗೆ 42 ಎಂದಾದರೆ 14ನೆಯ ವಯಸ್ಸಿಗೇ ಹೆತ್ತಿರಬೇಕು. ಆಗಲಾರದ್ದೇನಲ್ಲ, ಆದರೆ 65ನ್ನು ಹಿಡಿದು ಹಿಂದಕ್ಕೆ ಎಣಿಸಿದರೆ ಆಕೆ ಹುಟ್ಟಿದ್ದು 1621ರ ಸುಮಾರಿಗೆ, ಮೊದಲ ಮಗಳು ಹುಟ್ಟಿದಾಗ 22. ಇದು ಹೆಚ್ಚು ನಂಬುವಂತಿದೆ. ಅಕೇಡಿಯದ ಕುಟುಂಬಗಳ ದೊಡ್ಡ ನಿಘಂಟನ್ನು ಸಿದ್ಧಪಡಿಸಿದ ಸ್ಟೀಫನ್ ವೈಟ್ ಅವರೂ ಈ 1621ನ್ನೇ ಒಪ್ಪಿದ್ದಾರೆ. ಮಾಂಕ್ಟನ್ ವಿಶ್ವವಿದ್ಯಾಲಯ ಪ್ರಕಟಿಸಿದ ಅವರ ನಿಘಂಟಿನ ಮೊದಲ ಭಾಗ ಹೊರಬಂದದ್ದು 1999ರಲ್ಲಿ. ಒಬ್ಬೊಬ್ಬರ ವಯಸ್ಸಿಗೂ ಹೀಗೆ ಅಕ್ಕಪಕ್ಕದ ನಾಲ್ಕು ಸಾಲುಗಳನ್ನು ತಾಳೆ ನೋಡುತ್ತ ಹೋಗುವ ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ನೋಡಿ.

ಚರ್ಚಿನಲ್ಲಿ ಜನನ, ಮದುವೆ, ಮರಣಗಳ ಪುಸ್ತಕ ಇರುತ್ತದಲ್ಲ, ಅದನ್ನು ನೋಡಿದರಾಯಿತು ಎನ್ನಬಹುದು. ಇದ್ದಿದ್ದರೆ ಆಗುತ್ತಿತ್ತು. ಪೋರ್ಟ್ ರಾಯಲ್ ಚರ್ಚಿನ ಪುಸ್ತಕಗಳಲ್ಲಿ ಇಂದು ಉಳಿದಿರುವುದು 1702ರಿಂದ 1755ರವರೆಗಿನವು ಮಾತ್ರ. ರಾದೆಗೋಂದಳ ಮದುವೆ ನಡೆದಿರಬೇಕಾದದ್ದು 1640ರ ದಶಕದ ಆರಂಭದಲ್ಲಿ. ಆ ಕಾಲದ ಪುಸ್ತಕ ಒಂದು ಹಾಳೆಯೂ ಇಲ್ಲ.

1755 ಎಂಬ ವರ್ಷಕ್ಕೆ ಪುಸ್ತಕ ಯಾಕೆ ನಿಂತಿತು ಎಂಬುದನ್ನೂ ಹೇಳಬೇಕು. 1710ರಲ್ಲಿ ಇಂಗ್ಲಿಷರು ಪೋರ್ಟ್ ರಾಯಲನ್ನು ಗೆದ್ದರು, 1713ರ ಒಪ್ಪಂದದಲ್ಲಿ ಅಕೇಡಿಯ ಅವರದಾಯಿತು. ಫ್ರಾನ್ಸಿನ ವಿರುದ್ಧ ಆಯುಧ ಹಿಡಿಯುವುದಿಲ್ಲ, ನಿಮ್ಮ ವಿರುದ್ಧವೂ ಹಿಡಿಯುವುದಿಲ್ಲ, ನಮ್ಮ ಪಾಡಿಗೆ ನಾವು ಉಳುತ್ತೇವೆ ಎಂದು ಈ ರೈತರು ನಲವತ್ತು ವರ್ಷ ಹೇಗೋ ಸಂಭಾಳಿಸಿಕೊಂಡು ಬಂದರು. ಕೊನೆಗೆ ಅದು ನಡೆಯಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾಂ ಪ್ರೇ ಎಂಬ ಊರಿನ ಗಂಡಸರನ್ನೂ ಹುಡುಗರನ್ನೂ ಚರ್ಚಿಗೆ ಕರೆಸಿ, ಬಾಗಿಲು ಹಾಕಿ, ನಿಮ್ಮ ನೆಲ ಮನೆ ದನಕರು ಎಲ್ಲ ದೊರೆಗೆ ಸೇರಿತು, ನಿಮ್ಮನ್ನು ದೇಶದಿಂದ ಸಾಗಿಸಲಾಗುವುದು ಎಂದು ಕರ್ನಲ್ ಜಾನ್ ವಿನ್ಸ್‌ಲೋ ಓದಿ ಹೇಳಿಸಿದ. 1763ರವರೆಗೆ ಹೀಗೆ ಹಡಗು ಹತ್ತಿದವರು ಹತ್ತಿರ ಹತ್ತಿರ 10,000 ಜನ. ಗಂಡ ಒಂದು ಹಡಗಿನಲ್ಲಿ, ಮಕ್ಕಳು ಇನ್ನೊಂದರಲ್ಲಿ ಆದದ್ದೂ ಉಂಟು. ಚರ್ಚುಗಳು ಸುಟ್ಟವು, ಹಲವು ಪುಸ್ತಕಗಳು ನಾಪತ್ತೆಯಾದವು. ಆದರೆ ಜನ ಎಂಥವರೆಂದರೆ, ಗ್ರಾಂ ಪ್ರೇ ಊರಿನವರು ತಮ್ಮ ಚರ್ಚಿನ ಪುಸ್ತಕಗಳನ್ನು ಜೊತೆಗೇ ಹೊತ್ತುಕೊಂಡು ಹೋದರು. ಅವು ಅಲ್ಲಿ ಇಲ್ಲಿ ಅಲೆದು ಇಂದಿನ ಅಮೆರಿಕ ದೇಶದ ದಕ್ಷಿಣ ಭಾಗದಲ್ಲಿರುವ ಲೂಯಿಸಿಯಾನಾ ತಲುಪಿದವು. ಉಳಿದ ಭಾಗ ಈಗ ಬ್ಯಾಟನ್ ರೂಜ್ ಧರ್ಮಪ್ರಾಂತದ ಭಂಡಾರದಲ್ಲಿದೆ. ಬಟ್ಟೆಬರೆಗೂ ಜಾಗವಿಲ್ಲದ ಹಡಗಿನಲ್ಲಿ ಅಜ್ಜಂದಿರ ಹೆಸರುಗಳ ಪುಸ್ತಕಕ್ಕೆ ಜಾಗ ಮಾಡಿದರಲ್ಲ, ಆ ಪುಣ್ಯವಂತರು ಯಾರೋ!

ಈ ಗಡೀಪಾರಿನಿಂದಲೇ ಇನ್ನೊಂದು ವಿಚಿತ್ರ ದಾಖಲೆ ಹುಟ್ಟಿತು. ಕೆಲವು ಹಡಗುಗಳು ವರ್ಜೀನಿಯಾಕ್ಕೆ ಹೋದವು. ಅಲ್ಲಿನವರು ಇವರು ಬೇಡವೆಂದು 1756ರಲ್ಲಿ ಇಂಗ್ಲೆಂಡಿಗೆ ಸಾಗಹಾಕಿದರು. ಲಿವರ್‌ಪೂಲ್, ಬ್ರಿಸ್ಟಲ್, ಸೌತಾಂಪ್ಟನ್ ಮುಂತಾದ ಬಂದರುಗಳಲ್ಲಿ ಏಳು ವರ್ಷ ಸೆರೆವಾಸ. ಸಿಡುಬಿಗೆ ಸಿಕ್ಕಿ ಎಷ್ಟೋ ಜನ ಸತ್ತರು. 1763ರಲ್ಲಿ ಶಾಂತಿ ಒಪ್ಪಂದವಾದ ಮೇಲೆ ಉಳಿದವರನ್ನು ಫ್ರಾನ್ಸಿಗೆ ಕಳಿಸಲಾಯಿತು. ಅವರಲ್ಲಿ 78 ಕುಟುಂಬಗಳಿಗೆ 1765ರಲ್ಲಿ ಬ್ರಿಟನಿ ಪ್ರಾಂತದ ಕಡಲಾಚೆಯ ಬೆಲ್ ಈಲ್ ಎಂಬ ದ್ವೀಪದಲ್ಲಿ ಭೂಮಿ ಸಿಕ್ಕಿತು.

ಭೂಮಿಯೇನೋ ಸಿಕ್ಕಿತು. ಆದರೆ ಇವರು ಯಾರು? ಯಾರ ಮಗ ಯಾರು, ಯಾರ ಹೆಂಡತಿ ಯಾರು ಎಂಬುದಕ್ಕೆ ಒಂದು ಚೂರು ಕಾಗದವಿಲ್ಲ. ಆಗ ಬ್ರಿಟನಿಯ ನ್ಯಾಯಾಲಯ 1767ರ ಜನವರಿಯಲ್ಲಿ ಒಂದು ಆಜ್ಞೆ ಮಾಡಿತು. ಪ್ರತಿ ಕುಟುಂಬದ ಯಜಮಾನ ಪಾದ್ರಿಯ ಮುಂದೆ ನಿಂತು, ಸಾಕ್ಷಿಗಳ ಎದುರು, ತನ್ನ ವಂಶವನ್ನು ಫ್ರಾನ್ಸಿನಿಂದ ಮೊದಲು ಹೊರಟ ಪೂರ್ವಜನವರೆಗೆ ಹೇಳಬೇಕು, ಅದನ್ನು ಬರೆದುಕೊಳ್ಳಬೇಕು. ಎಲ್ಲವೂ ಬಾಯಿಪಾಠ! ಉತ್ತರ ಕರ್ನಾಟಕದಲ್ಲಿ ಹೆಳವರು ಮನೆತನದ ಹೆಸರುಗಳನ್ನು ಒಪ್ಪಿಸುವುದನ್ನು ಕೇಳಿದವರಿಗೆ ಇದು ಸಾಧ್ಯವೇ ಎಂಬ ಸಂದೇಹ ಬರಲಾರದು. ಅಲ್ಲಿ ಒಪ್ಪಿಸಿದವರು ಮಾತ್ರ ವೃತ್ತಿಯವರಲ್ಲ, ಹೊಲ ಉಳುವವರು.

ಹೇಳಿಕೆ ಕೊಟ್ಟವರಲ್ಲಿ ಝಾನ್ ಲೆಬ್ಲಾಂ ಎಂಬವನೊಬ್ಬ. ಅವನ ಹೆಂಡತಿ ಫ್ರಾಂಸ್ವಾಸ್, ನಮ್ಮ ಝಾನ್ ಬ್ಲಾಂಶಾರನ ಮರಿಮಗಳು. ಲೆಬ್ಲಾಂ ಹೇಳಿದ್ದು: ಬ್ಲಾಂಶಾರ್ ಫ್ರಾನ್ಸಿನಿಂದ ಹೆಂಡತಿಯ ಜೊತೆಯಲ್ಲೇ ಬಂದವನು. ಸಂತೋಷ, ಬೇಕಾದ ಸುಳಿವು ಸಿಕ್ಕಿತು. ಹೆಂಡತಿಯ ಹೆಸರು? ಯುಗೆತ್ ಪುವಾರಿಯೇ! ರಾದೆಗೋಂದ್ ಅಲ್ಲ, ಲಾಂಬೆರ್ ಕೂಡ ಅಲ್ಲ. ಫ್ರಾಂಸ್ವಾಸಳ ಸೋದರಳಿಯಂದಿರು ಇಬ್ಬರು ಬೇರೆಯಾಗಿ ಹೇಳಿಕೆ ಕೊಟ್ಟರು. ಅವರೂ ಅದೇ ಹೆಸರು ಹೇಳಿದರು.

ಹಾಗಾದರೆ ಯಾರನ್ನು ನಂಬುವುದು? ಎರಡು ಸಲ ಗಣತಿ ಮಾಡಿದವರು ಆಕೆಯಿದ್ದ ಮನೆಗೇ ಹೋಗಿ ಹೆಸರು ಬರೆದುಕೊಂಡಿದ್ದಾರೆ. ಹೇಳಿಕೆ ಕೊಟ್ಟವರು ಆಕೆಯನ್ನು ಕಂಡವರಲ್ಲ, ಎಂಟು ಹತ್ತು ದಶಕ ಕಳೆದ ಮೇಲೆ ಸಮುದ್ರದಾಚೆ ನಿಂತು ನೆನೆಸಿಕೊಳ್ಳುತ್ತಿದ್ದಾರೆ. ಆದ್ದರಿಂದ ಹೆಸರಿನ ಮಟ್ಟಿಗೆ ಗಣತಿಯೇ ಸರಿ. ಆದರೆ ಯುಗೆತ್ ಪುವಾರಿಯೇ ಎಂಬ ಹೆಸರು ಆಕಾಶದಿಂದ ಉದುರಿತೇ? ಇಲ್ಲಿದೆ ಸ್ವಾರಸ್ಯ. ರಾದೆಗೋಂದಳ ಮಗ ಗಿಯೋಂ ಬ್ಲಾಂಶಾರನ ಹೆಂಡತಿಯ ಹೆಸರು ಯುಗೆತ್ ಗೂಝೋಂ. ಆ ಯುಗೆತ್‌ಳ ತಾಯಿ ಮೊದಲು ಪುವಾರಿಯೇ ಎಂಬುವನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಗೂಝೋಂನನ್ನು ಮದುವೆಯಾದವಳು. ಅಂದರೆ ಮೊಮ್ಮಕ್ಕಳ ನೆನಪಿನಲ್ಲಿ ಅತ್ತೆಯ ಜಾಗದಲ್ಲಿ ಸೊಸೆ ಬಂದು ಕೂತಿದ್ದಾಳೆ, ಸೊಸೆಯ ಹೆಸರಿಗೆ ಅವಳ ತಾಯಿಯ ಮೊದಲ ಗಂಡನ ಹೆಸರು ಅಂಟಿಕೊಂಡಿದೆ ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಮನೆಗಳಲ್ಲಿ ಮದುವೆಗೆ ಸೇರಿದಾಗ ಹಿರಿಯರು ಕೂತು ಸಂಬಂಧ ಬಿಡಿಸುವುದನ್ನು ಕೇಳಿದರೆ ಇಂಥ ಜಾರುಗಳು ಹತ್ತು ಸಿಗುತ್ತವೆ. ಹೇಳಿಕೆಯಲ್ಲಿ ಒಂದು ತಪ್ಪು ಕಂಡಿತೆಂದು ಇಡೀ ಹೇಳಿಕೆಯನ್ನು ಕಸದ ಬುಟ್ಟಿಗೆ ಹಾಕುವವರು ಇತಿಹಾಸಕಾರರಾಗಲಾರರು. ಹೆಸರು ತಪ್ಪಿರಬಹುದು, ‘ಹೆಂಡತಿಯ ಜೊತೆ ಫ್ರಾನ್ಸಿನಿಂದ ಬಂದ’ ಎಂಬ ಮಾತನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳಬೇಕು.

ಚರ್ಚಿನ ಪುಸ್ತಕಗಳು ಉಳಿದಿರುವ ಊರುಗಳಲ್ಲಿ ಇನ್ನೊಂದು ಬಗೆಯ ಸಾಕ್ಷ್ಯ ಸಿಗುತ್ತದೆ. ಇದು ಗಣಿತ ಇಷ್ಟಪಡುವ ಹುಡುಗರಿಗೆ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ಹೊಸದೇನಲ್ಲ, ಅಕ್ಕನ ಮಗಳನ್ನೇ ಮದುವೆಯಾದವರೂ ಇದ್ದಾರೆ. ಕ್ಯಾಥೊಲಿಕ್ ಚರ್ಚಿನಲ್ಲಿ ಇದಕ್ಕೆ ಬಿಗಿಯಾದ ನಿಷೇಧವಿತ್ತು. ಒಡಹುಟ್ಟಿದವರು ಒಂದನೆಯ ಮೆಟ್ಟಿಲು, ಅವರ ಮಕ್ಕಳು ಎರಡನೆಯದು, ಮೊಮ್ಮಕ್ಕಳು ಮೂರನೆಯದು, ಮರಿಮಕ್ಕಳು ನಾಲ್ಕನೆಯದು ಎಂದು ಲೆಕ್ಕ. ನಾಲ್ಕನೆಯ ಮೆಟ್ಟಿಲಿನವರೆಗೂ ಪರಸ್ಪರ ಮದುವೆ ಕೂಡದು ಎಂದು 1215ರಲ್ಲೇ ನಿಯಮವಾಗಿತ್ತು. ಆದರೆ 400 ಜನರ ಊರಿನಲ್ಲಿ ಸಂಬಂಧವಿಲ್ಲದ ಹೆಣ್ಣು ಎಲ್ಲಿಂದ ಬರಬೇಕು? ಆದ್ದರಿಂದ ಚರ್ಚಿನಿಂದ ವಿನಾಯಿತಿ ಪಡೆದು ಮದುವೆಯಾಗುತ್ತಿದ್ದರು. ಮೂರನೆಯ ಮೆಟ್ಟಿಲಿನ ಸಂಬಂಧಕ್ಕೆ ವಿನಾಯಿತಿ ಕೊಟ್ಟಿದೆ, ಮೂರು ಮತ್ತು ನಾಲ್ಕರ ಸಂಬಂಧಕ್ಕೆ ಕೊಟ್ಟಿದೆ ಎಂದು ಪಾದ್ರಿ ಮದುವೆಯ ಪುಸ್ತಕದಲ್ಲಿ ಬರೆಯುತ್ತಿದ್ದ.

ಆ ಒಂದು ಮಾತು ಎಷ್ಟು ಬೆಲೆಬಾಳುತ್ತದೆ ನೋಡಿ. ಮದುಮಗನಿಗೆ ಅಜ್ಜ ಅಜ್ಜಿಯರು ನಾಲ್ವರು, ಮದುಮಗಳಿಗೆ ನಾಲ್ವರು. ಮೂರನೆಯ ಮೆಟ್ಟಿಲು ಎಂದರೆ ಅವನ ನಾಲ್ವರಲ್ಲೊಬ್ಬರೂ ಇವಳ ನಾಲ್ವರಲ್ಲೊಬ್ಬರೂ ಒಡಹುಟ್ಟಿದವರಾಗಿರಲೇಬೇಕು. ಒಟ್ಟು 16 ಜೋಡಿಗಳು ಸಾಧ್ಯ. ಬೇರೆ ದಾಖಲೆಗಳಿಂದ 15 ಜೋಡಿಗಳು ಆಗಲಾರವೆಂದು ತೋರಿಸಿದರೆ, ಉಳಿದ ಒಂದು ಜೋಡಿ, ಅದಕ್ಕೆ ಬೇರೆ ಯಾವ ಕಾಗದವೂ ಇಲ್ಲದಿದ್ದರೂ, ಅಕ್ಕ ತಮ್ಮನೋ ಅಣ್ಣ ತಂಗಿಯೋ ಆಗಿರಬೇಕು. ಕತ್ರೀನ್ ಲೆಝನ್, ಎದ್‌ಮೇ ಲೆಝನ್ ಎಂಬ ಇಬ್ಬರು ಆದಿಕಾಲದ ಅಕೇಡಿಯನ್ ಹೆಂಗಸರು ಅಕ್ಕತಂಗಿಯರೆಂದು ಹೇಳಲು ಇಂಥ ವಿನಾಯಿತಿಗಳ ಲೆಕ್ಕವೇ ಆಧಾರ. ಅವರ ಕಾಲದ ಯಾವ ಕಾಗದವೂ ಹಾಗೆಂದು ಹೇಳುವುದಿಲ್ಲ. ಅವರ ಮರಿಮಕ್ಕಳ ಮದುವೆಗಳು ಹೇಳುತ್ತವೆ. ರಾದೆಗೋಂದಳ ತಂದೆತಾಯಿಯ ಹೆಸರನ್ನು ಮಾತ್ರ ಈ ಲೆಕ್ಕವೂ ಕೊಡಲಿಲ್ಲ. ಯಾರ ಜೊತೆ ಹುಟ್ಟಿದವರೆಂದು ಅದು ಹೇಳಬಲ್ಲದೇ ಹೊರತು ಯಾರಿಗೆ ಹುಟ್ಟಿದವರೆಂದು ಹೇಳಲಾರದು.

ಕಾಗದ ಸುಮ್ಮನಿರುವ ಕಡೆ ಕಲ್ಪನೆ ಮಾತನಾಡುತ್ತದೆ. ಲಾಂಬೆರ್ ಎಂಬ ಹೆಸರಿನ ಫ್ರೆಂಚನೊಬ್ಬ ಬಹಳ ಹಿಂದೆಯೇ ಅಕೇಡಿಯದಲ್ಲಿದ್ದ, ಮಿಕ್‌ಮಾಕ್ ಹೆಣ್ಣನ್ನು ಕಟ್ಟಿಕೊಂಡಿದ್ದ, ರಾದೆಗೋಂದ್ ಅವರ ಮಗಳು ಎಂದು 20ನೆಯ ಶತಮಾನದಲ್ಲಿ ಮಾತು ಹುಟ್ಟಿತು. ಮೊದಲು ‘ಇರಬಹುದು’ ಎಂದಿದ್ದದ್ದು ಒಬ್ಬರಿಂದ ಒಬ್ಬರು ನಕಲು ಮಾಡುವಾಗ ‘ಇರಬೇಕು’ ಆಯಿತು, ಕೊನೆಗೆ ‘ಹೌದು’ ಎಂದೇ ಆಯಿತು. ಮನೆಮನೆಯ ವಂಶವೃಕ್ಷಗಳಲ್ಲಿ ಮಿಕ್‌ಮಾಕ್ ಮುತ್ತಜ್ಜಿ ಕಾಣಿಸಿಕೊಂಡಳು. ಲೆಝನ್ ಸೋದರಿಯರಿಗೂ ಇದೇ ಗತಿಯಾಯಿತು.

ನಿಜವಾದ ಮಿಶ್ರ ಕುಟುಂಬಗಳು ಇರಲಿಲ್ಲವೆಂದಲ್ಲ. ಇದ್ದವು, ಅವಕ್ಕೆ ದಾಖಲೆಯೂ ಇತ್ತು. ಸೇಂಟ್ ಕಸ್ತಾಂ ಎಂಬ ಫ್ರೆಂಚ್ ಸರದಾರ ಅಬೆನಾಕಿ ನಾಯಕ ಮದೋಕವಾಂಡೋನ ಮಗಳನ್ನು ಮದುವೆಯಾದದ್ದು ಪ್ರಸಿದ್ಧ ಸಂಗತಿ. 1708ರಲ್ಲಿ ಅಕೇಡಿಯದ ಮೂಲನಿವಾಸಿಗಳದ್ದೇ ಒಂದು ಪ್ರತ್ಯೇಕ ಗಣತಿ ನಡೆಯಿತು. ಅದರ ಪ್ರತಿ ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಅಂಥ ಸಂಬಂಧಗಳನ್ನು ಮುಚ್ಚಿಡುವ ಕಾಲ ಅದಾಗಿರಲಿಲ್ಲ. ರಾದೆಗೋಂದಳ ಹೆಸರಿನ ಮುಂದೆ ಮಾತ್ರ ಯಾವ ಗಣತಿಕಾರನೂ ಅಂಥ ಸೂಚನೆ ಬರೆದಿಲ್ಲ.

2000ದ ದಶಕದಲ್ಲಿ ಈ ವಾದಕ್ಕೆ ವಿಜ್ಞಾನ ಬಂತು. ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಘಟಕಗಳಿವೆ ಎಂದು ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಓದಿರುತ್ತೀರಿ. ಅವುಗಳಿಗೆ ತಮ್ಮದೇ ಆದ ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ. ಮಗನಿಗೂ ಬರುತ್ತದೆ, ಆದರೆ ಅವನ ಮಕ್ಕಳಿಗೆ ಹೋಗುವುದಿಲ್ಲ. ಮಗಳು ಮಾತ್ರ ಮುಂದೆ ದಾಟಿಸುತ್ತಾಳೆ. ಹೀಗಾಗಿ ರಾದೆಗೋಂದ್, ಅವಳ ಮಗಳು, ಆ ಮಗಳ ಮಗಳು, ಹೀಗೆ ಒಂದು ಕಡೆಯೂ ಗಂಡು ಅಡ್ಡಬರದ ಸಾಲಿನಲ್ಲಿ ಇಂದು ಬದುಕಿರುವವರು ಸಿಕ್ಕರೆ, ಅವರ ಎಂಜಲಿನಲ್ಲಿ ಆ ಅಜ್ಜಿಯ ಗುರುತು ಬಹುಪಾಲು ಹಾಗೆಯೇ ಇರುತ್ತದೆ. ಇನ್ನೂ ಒಂದು ಲಾಭವಿದೆ. ಬೇರೆ ಬೇರೆ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದ ಇಬ್ಬರಿಗೆ ಒಂದೇ ಗುರುತು ಬಂದರೆ, ನಡುವಿನ ಹತ್ತು ಹನ್ನೆರಡು ತಲೆಮಾರಿನ ಕಾಗದದ ವಂಶಾವಳಿಯೂ ಸರಿ ಎಂದು ಸಾಬೀತಾಗುತ್ತದೆ.

ಪರೀಕ್ಷೆ ನಡೆಯಿತು. ರಾದೆಗೋಂದಳ ಸಾಲಿನವರಿಗೆ ಬಂದ ಗುರುತು ಎಕ್ಸ್ ಗುಂಪಿನದು. ಕೆಲವರು ಕುಣಿದಾಡಿದರು, ಏಕೆಂದರೆ ಎಕ್ಸ್ ಗುಂಪು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲೂ ಇದೆ! ಆದರೆ ಎಕ್ಸ್ ಎಂಬುದು ದೊಡ್ಡ ಮರ, ಅದರ ಕೊಂಬೆ ಯಾವುದೆಂದು ನೋಡಬೇಕು. ಅಮೆರಿಕದ ಮೂಲನಿವಾಸಿಗಳಲ್ಲಿರುವುದು ಎಕ್ಸ್2ಎ ಎಂಬ ಕೊಂಬೆ. ರಾದೆಗೋಂದಳದ್ದು ಎಕ್ಸ್2ಬಿ. ಇದು ಯುರೋಪು ಮತ್ತು ಅದರ ಸುತ್ತಮುತ್ತಲಿನ ಸೀಮೆಯದು. ಲೆಝನ್ ಸೋದರಿಯರ ಸಾಲಿನಲ್ಲಿ ಬಂದ ಗುರುತು ಯು6ಎ, ಅದೂ ಅಮೆರಿಕದ್ದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನದು. ಬೆಲ್ ಈಲ್ ದ್ವೀಪದ ಆ ರೈತರ ಮಾತನ್ನು ಎತ್ತಿಟ್ಟುಕೊಂಡಿದ್ದೆವಲ್ಲ? ಹೆಂಡತಿಯ ಹೆಸರು ತಪ್ಪು ಹೇಳಿದ್ದರೂ ಅವಳು ಫ್ರಾನ್ಸಿನಿಂದ ಬಂದವಳೆಂದು ಅವರು ಹೇಳಿದ್ದಕ್ಕೆ 240 ವರ್ಷಗಳ ಮೇಲೆ ಪ್ರಯೋಗಾಲಯದ ಬೆಂಬಲ ಸಿಕ್ಕಂತಾಯಿತು.

ಯಾವ ಅಜ್ಜಿ ಯಾವ ಜನಾಂಗದವಳಾದರೇನು, ಇಷ್ಟೊಂದು ರಂಪ ಯಾಕೆ ಎಂದು ಕೇಳಬಹುದು. ಕೆನಡಾದಲ್ಲಿ ಇದು ಬರೀ ಕುತೂಹಲದ ವಿಷಯವಲ್ಲ. 1982ರ ಸಂವಿಧಾನ ಕಾಯಿದೆ ಮೂಲನಿವಾಸಿಗಳ ಹಕ್ಕುಗಳನ್ನು ಮಾನ್ಯ ಮಾಡಿತು. ಮೂಲನಿವಾಸಿಗಳಿಗೂ ಯುರೋಪಿನವರಿಗೂ ಹುಟ್ಟಿ ತಮ್ಮದೇ ಸಮುದಾಯವಾಗಿ ಬೆಳೆದ ಮೆಟೀ ಜನರೂ ಅದರಲ್ಲಿ ಸೇರಿದ್ದಾರೆ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೆಟೀ ಸಮುದಾಯವೊಂದಕ್ಕೆ ಬೇಟೆಯಾಡುವ ಹಕ್ಕಿದೆ ಎಂದು ತೀರ್ಪಿತ್ತಿತು. ಅದಾದ ಮೇಲೆ ಪೂರ್ವ ಪ್ರಾಂತಗಳಲ್ಲಿ ಹೊಸ ಹೊಸ ಸಂಘಗಳು ಎದ್ದವು. 17ನೆಯ ಶತಮಾನದ ಒಬ್ಬ ಅಜ್ಜಿಯ ಹೆಸರು ಹಿಡಿದು ನಾವೂ ಮೂಲನಿವಾಸಿಗಳೇ ಎನ್ನುವವರು ಹೆಚ್ಚಿದರು. ಡ್ಯಾರಿಲ್ ಲೆರೂ ಎಂಬ ವಿದ್ವಾಂಸರು 2019ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇದನ್ನು ಮಿಕ್‌ಮಾಕ್ ನಾಯಕರು ಬಹಿರಂಗವಾಗಿ ವಿರೋಧಿಸಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ ಎಂದೇ ನನಗನ್ನಿಸುತ್ತದೆ. ನೆಲ ಕಳೆದುಕೊಂಡು, ಕಷ್ಟಪಟ್ಟು, ತಮ್ಮ ಭಾಷೆ ಉಳಿಸಿಕೊಂಡು ಬಂದವರು ಒಂದು ಕಡೆ. ಅಟ್ಟದ ಮೇಲಿನ ವಂಶವೃಕ್ಷದಲ್ಲಿ ಒಂದು ಹೆಸರು ಹುಡುಕಿಕೊಂಡು ಬಂದವರು ಇನ್ನೊಂದು ಕಡೆ.

ಅಲ್ಲದೆ ಲೆಕ್ಕ ಹಾಕಿ. ಒಂದು ತಲೆಮಾರು ಹಿಂದೆ ಇಬ್ಬರು, ಎರಡು ತಲೆಮಾರು ಹಿಂದೆ ನಾಲ್ವರು, ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ 4,096 ಜಾಗಗಳು. ಅಕೇಡಿಯದಂಥ ಊರಿನಲ್ಲಿ ಅಷ್ಟು ಬೇರೆ ಬೇರೆ ಜನ ಇರಲೇ ಇಲ್ಲವಾದ್ದರಿಂದ ಒಬ್ಬರೇ ಹಲವು ಜಾಗಗಳಲ್ಲಿ ಬರುತ್ತಾರೆ. ಚರ್ಚಿನ ವಿನಾಯಿತಿಗಳು ಹೇಳುವುದೂ ಇದನ್ನೇ. ಆ ಸಾವಿರಾರು ಜಾಗಗಳಲ್ಲಿ ಒಂದನ್ನು ಆರಿಸಿಕೊಂಡು ಅವಳೊಬ್ಬಳೇ ನನ್ನ ಅಜ್ಜಿ ಎನ್ನುವುದಾದರೆ ಉಳಿದವರೆಲ್ಲ ಏನಾಗಬೇಕು?

ಹುಡುಕಾಟ ಮುಗಿದಿಲ್ಲ. ತಾಯಿಯ ಕಡೆಯ ಬೇರು ಯುರೋಪಿನದೆಂದು ಡಿಎನ್‌ಎ ಹೇಳಿತು. ಯಾವ ಊರು, ಯಾವ ಮನೆ ಎಂದು ಅದು ಹೇಳಲಾರದು. ಅದಕ್ಕೆ ಮತ್ತೆ ಕಾಗದಕ್ಕೇ ಬರಬೇಕು. ಒಂದು ಸಣ್ಣ ಸುಳಿವು ಹೆಸರಿನಲ್ಲೇ ಇದೆ. ರಾದೆಗೋಂದ್ ಎಂಬಾಕೆ ಆರನೆಯ ಶತಮಾನದ ಒಬ್ಬ ರಾಣಿ. ಅರಮನೆ ಬಿಟ್ಟು ಸನ್ಯಾಸಿನಿಯಾಗಿ, ಪಶ್ಚಿಮ ಫ್ರಾನ್ಸಿನ ಪುವಾತಿಯೇ ನಗರದಲ್ಲಿ ಮಠ ಕಟ್ಟಿ 587ರಲ್ಲಿ ತೀರಿಕೊಂಡ ಸಂತಳು. ಧರ್ಮಸ್ಥಳದ ಸುತ್ತ ಮಂಜುನಾಥರು ಹೆಚ್ಚಿರುವಂತೆ ಆ ಸೀಮೆಯಲ್ಲಿ ರಾದೆಗೋಂದ್ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವುದು ವಾಡಿಕೆ. ಅಕೇಡಿಯಕ್ಕೆ ಹೊರಟ ಹಲವು ಕುಟುಂಬಗಳ ಬೇರನ್ನು ಸಂಶೋಧಕರು ಹುಡುಕುತ್ತಿರುವುದೂ ಆ ಕಡೆಯ ಹಳ್ಳಿಗಳಲ್ಲೇ. ಅಲ್ಲಿನ ಜಿಲ್ಲಾ ಪತ್ರಾಗಾರದವರು ಹಳೆಯ ಚರ್ಚಿನ ಪುಸ್ತಕಗಳ ಪುಟಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ. ಕೆನಡಾದಲ್ಲಿ ಕೂತೇ ಒಂದೊಂದಾಗಿ ನೋಡಬಹುದು. ಲಾಂಬೆರ್ ಎಂಬುದು ಫ್ರಾನ್ಸಿನಲ್ಲಿ ಅಪರೂಪದ ಹೆಸರೇನಲ್ಲ, ರಾದೆಗೋಂದ್ ಎಂಬುದು ಆ ಸೀಮೆಯಲ್ಲಿ ಅಪರೂಪವಲ್ಲ. 1621ರ ಆಸುಪಾಸಿನ ಪುಟಗಳಲ್ಲಿ, ಶಾಯಿ ಹರಡಿದ ಅಕ್ಷರಗಳ ನಡುವೆ, ಎರಡು ಹೆಸರುಗಳೂ ಒಂದೇ ಸಾಲಿನಲ್ಲಿ ಬರುವ ದಿನಕ್ಕಾಗಿ ಆ ಅಜ್ಜಿಯ ಮೊಮ್ಮಕ್ಕಳು ಕಣ್ಣಿಗೆ ಕನ್ನಡಕ ಏರಿಸಿ ಕೂತಿದ್ದಾರೆ.